ವಿದ್ಯೆಯೂ ಹುದ್ದೆಯೂ

(ಒಬ್ಬ ಪೋರ್ಚುಗೀಸ ಸಂಗೀತಗಾರನ ಬಾಳನ್ನು ಕುರಿತು)

ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವನಿಗೆ ಹುದ್ದೆ ದೊರೆಯುವುದು ಲೋಕದ ರೂಢಿ. ಪ್ರಥಮ ಸ್ಥಾನ ಪಡೆದವನಿಗೆ ಸೆರೆಮನೆ ದೊರೆಯಿತೆಂದರೆ ಯಾರೂ ಒಮ್ಮೆಗೆ ನಂಬಲಾರರು. ಆದರೆ ೧೯೩೧ರಲ್ಲಿ ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದಲ್ಲಿ ಹೀಗೆಯೇ ನಡೆಯಿತು. ಆ ತರುಣನ ಹೆಸರು ಫೆರ್ನಾಂಡೊ ಲೋಪೆಸ್ ಗ್ರಾಸಾ. ಆಗ ಆತನಿಗೆ ಇಪ್ಪತ್ತನಾಲ್ಕು ವರ್ಷ. ಮುಂದೆ ಆತನು ತನ್ನ ನಾಡಿನ ಇಪ್ಪತ್ತನೆಯ ಶತಮಾನದ ಹಿರಿಯ ಸಂಗೀತ ರಚನಕಾರರಲ್ಲಿ ಒಬ್ಬನೆನಿಸಿ, ೧೯೯೪ರಲ್ಲಿ ತೀರಿಕೊಂಡನು.

ದೂರದ ದೇಶದ ಈ ಸಂಗೀತಗಾರನ ಗೊಡವೆ ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಗೆ ಏಕೆ ಎಂದು ವಾಚಕರು ಕೇಳಬಹುದು. ಈ ವರ್ಷ ಇತಿಹಾಸದ ತರಗತಿಯಲ್ಲಿ ಗೋವೆಯ ವಿಮೋಚನೆಯ ಬಗ್ಗೆ ಒಂದು ಪ್ರಬಂಧವನ್ನು ಮಂಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಗೋವೆಯನ್ನಾಳಿದ ಸರಕಾರವು ತನ್ನ ಸ್ವಂತ ದೇಶದಲ್ಲಿ ಜನರನ್ನು ಹೇಗೆ ನಡೆಯಿಸಿಕೊಳ್ಳುತ್ತಿತ್ತೆಂದು ತಿಳಿಯಲು ಹೊರಟಾಗ ಈ ಹೆಸರು ಕಣ್ಣಿಗೆ ಬಿದ್ದಿತು. ಸಂಜೆ ವಾಚನಾಲಯದ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಆತನ ಸಂಗೀತವನ್ನು ಕೇಳಿದೆ. ಭಾಷೆ ತಿಳಿಯದಿದ್ದರೂ ಕಿವಿ ಮುಚ್ಚಲಿಲ್ಲ. ಪ್ರಬಂಧ ಮುಗಿದು ಅಂಕಗಳೂ ಬಂದುವು. ಈ ಮನುಷ್ಯನು ಮಾತ್ರ ನನ್ನ ತಲೆಯನ್ನು ಬಿಟ್ಟು ಹೋಗಲಿಲ್ಲ. ಆತನ ಬಾಳಿನಿಂದ ನನಗೆ ಹೊಳೆದ ಒಂದು ವಿಚಾರವನ್ನು ಗುರುಹಿರಿಯರ ಮತ್ತು ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲೋಪೆಸ್ ಗ್ರಾಸಾ ೧೯೦೬ನೆಯ ಇಸವಿ ಡಿಸೆಂಬರ್ ೧೭ರಂದು ತೊಮಾರ್ ಎಂಬ ಊರಿನಲ್ಲಿ ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿಗೆ ಊರಿನ ಸಿನಿಮಾ ಮಂದಿರದಲ್ಲಿ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದನು. ಆಗಿನದು ಮೂಕಚಿತ್ರಗಳ ಕಾಲ. ತೆರೆಯ ಮೇಲೆ ಚಿತ್ರ ಓಡುತ್ತಿರುವಾಗ ಕೆಳಗೆ ಕುಳಿತು ಒಬ್ಬನು ವಾದ್ಯ ನುಡಿಸಬೇಕಾಗುತ್ತಿತ್ತು. ಹೀಗೆ ದುಡಿಯುತ್ತ ಕಲಿತ ಹುಡುಗನು ೧೯೨೩ರಲ್ಲಿ ಲಿಸ್ಬನ್ನಿನ ಸರಕಾರಿ ಸಂಗೀತ ವಿದ್ಯಾಲಯವನ್ನು ಸೇರಿದನು. ಅಲ್ಲಿ ವಿಯಾನಾ ದ ಮೋತ ಎಂಬ ಮಹಾವಾದಕನ ಶಿಷ್ಯನಾದನು. ಈ ವಿಯಾನಾ ದ ಮೋತನಾದರೋ ಜಗದ್ವಿಖ್ಯಾತ ಪಿಯಾನೋ ವಾದಕ ಲಿಸ್ಟ್ ಎಂಬಾತನಿಂದ ನೇರವಾಗಿ ಪಾಠ ಹೇಳಿಸಿಕೊಂಡವನು.

ಈ ನಡುವೆ ದೇಶದ ಗತಿ ಕೆಟ್ಟಿತು. ೧೯೨೬ರ ಮೇ ತಿಂಗಳಲ್ಲಿ ಸೈನ್ಯವು ದಂಗೆಯೆದ್ದು ಗಣರಾಜ್ಯವನ್ನು ಉರುಳಿಸಿತು. ೧೯೨೮ರಲ್ಲಿ ಅರ್ಥಮಂತ್ರಿಯಾಗಿ ಬಂದ ಸಾಲಾಜಾರನು ೧೯೩೨ರಲ್ಲಿ ಪ್ರಧಾನಿಯಾಗಿ, ಮರುವರ್ಷ ಹೊಸ ಸಂವಿಧಾನವನ್ನು ಬರೆಯಿಸಿ, ಅದಕ್ಕೆ 'ಹೊಸ ರಾಜ್ಯ'ವೆಂದು ಹೆಸರಿಟ್ಟು ಏಕಾಧಿಪತಿಯಾದನು. ಈ ಸಾಲಾಜಾರನು ಸೈನಿಕನಲ್ಲ, ಕೊಯಿಂಬ್ರ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು ಎಂಬುದನ್ನು ನಾವು ಮರೆಯಬಾರದು. ಓದಿದ ಮಾತ್ರಕ್ಕೆ ಮನುಷ್ಯನ ಮನಸ್ಸು ತೆರೆಯುವುದೆಂದು ನಂಬುವವರು ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು.

ವಿದ್ಯಾರ್ಥಿಯಾಗಿದ್ದಾಗಲೇ ಲೋಪೆಸ್ ಗ್ರಾಸಾ ತನ್ನ ಊರಿನಲ್ಲಿ ಒಂದು ವಾರಪತ್ರಿಕೆಯನ್ನು ಹೊರಡಿಸಿ ಗಣರಾಜ್ಯದ ಪರವಾಗಿ ಬರೆಯತೊಡಗಿದ್ದನು. ೧೯೩೧ರಲ್ಲಿ ಸಂಗೀತ ರಚನೆಯ ಪದವಿಯನ್ನು ಅತ್ಯುಚ್ಚ ಶ್ರೇಣಿಯಲ್ಲಿ ಮುಗಿಸಿ, ತಾನು ಕಲಿತ ವಿದ್ಯಾಲಯದಲ್ಲೇ ಅಧ್ಯಾಪಕನಾಗಲು ಸ್ಪರ್ಧಾ ಪರೀಕ್ಷೆಗೆ ಕುಳಿತು ಮೊದಲ ಸ್ಥಾನ ಗಳಿಸಿದನು. ಆದರೆ ಹುದ್ದೆಯ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ. ರಾಜಕೀಯ ಪೊಲೀಸರು ಆತನನ್ನು ಹಿಡಿದು ಅಲ್ಜೂಬ್ ಸೆರೆಮನೆಗೆ ನೂಕಿ, ಆ ಬಳಿಕ ಅಲ್ಪಿಯಾರ್ಸ ಎಂಬ ಸಣ್ಣ ಊರಿಗೆ ಗಡೀಪಾರು ಮಾಡಿದರು. ೧೯೩೪ರಲ್ಲಿ ಪ್ಯಾರಿಸ್ಸಿನಲ್ಲಿ ಓದಲು ವಿದ್ಯಾರ್ಥಿವೇತನಕ್ಕಾಗಿ ಸ್ಪರ್ಧಿಸಿ ಗೆದ್ದನು. ರಾಜಕೀಯ ಕಾರಣದಿಂದ ಅದನ್ನೂ ಕೊಡಲಿಲ್ಲ. ೧೯೩೬ರಲ್ಲಿ ಪುನಃ ಬಂಧಿಸಿ ಕಶಿಯಾಸ್ ಕೋಟೆಯಲ್ಲಿ ಇಟ್ಟರು. ಬಿಡುಗಡೆಯಾದ ಮೇಲೆ, ೧೯೩೭ರಲ್ಲಿ, ಸ್ವಂತ ಖರ್ಚಿನಿಂದ ಪ್ಯಾರಿಸ್ಸಿಗೆ ಹೋಗಿ ಷಾರ್ಲ್ ಕೆಕ್ಲಾಂ ಎಂಬ ಗುರುವಿನಲ್ಲಿ ಕಲಿತನು.

ಇಷ್ಟನ್ನು ಓದಿದಾಗ ನನಗೆ ಮೊದಲು ನೆನಪಾದುದು ನಮ್ಮ ಅಪ್ಪನ ಮುಖ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು. ಅಪ್ಪ ಪರರ ಹೊಲದಲ್ಲಿ ದುಡಿಯುವವನು. ವರ್ಷಕ್ಕೊಮ್ಮೆಯಾದರೂ ಆತನು ನನ್ನನ್ನು ಕೇಳದೆ ಬಿಟ್ಟಿಲ್ಲ: "ಇಷ್ಟ್ ಓದಿದ್ರ ನೌಕರಿ ಖರೇವಂದ್ರೂ ಸಿಗತೈತೇನವಾ?" ಈ ಪ್ರಶ್ನೆಯನ್ನು ಹಾಸ್ಯ ಮಾಡುವ ಹಕ್ಕು ಯಾರಿಗೂ ಇಲ್ಲ. ನೌಕರಿಯ ಆಸೆಯಿಲ್ಲದಿದ್ದರೆ ನಮ್ಮಂಥವರ ಮನೆಯವರು ಮಗಳನ್ನು ಓದಿಸುತ್ತಲೇ ಇರಲಿಲ್ಲ. ವಿದ್ಯೆಯು ವಿದ್ಯೆಗಾಗಿಯೇ ಎಂಬ ಮಾತು ಭಾಷಣದಲ್ಲಿ ಚೆನ್ನಾಗಿ ಕೇಳಿಸುತ್ತದೆ. ಅದನ್ನು ಆಡುವವರು ಬಹುಮಟ್ಟಿಗೆ ತಿಂಗಳ ಸಂಬಳವನ್ನು ಎಣಿಸಿಕೊಂಡವರೇ ಆಗಿರುತ್ತಾರೆ. ಲೋಪೆಸ್ ಗ್ರಾಸಾ ಕೂಡ ಹುದ್ದೆಯನ್ನು ತಿರಸ್ಕರಿಸಿದ ವಿರಾಗಿಯಲ್ಲ. ಅರ್ಜಿ ಹಾಕಿದನು, ಪರೀಕ್ಷೆಗೆ ಕುಳಿತನು, ಗೆದ್ದನು. ಹುದ್ದೆಯನ್ನು ಕಸಿದುಕೊಂಡವರು ಬೇರೆಯವರು.

ನನ್ನ ಪ್ರಶ್ನೆ ಅಲ್ಲಿಂದ ಮುಂದಕ್ಕೆ ಹುಟ್ಟುತ್ತದೆ. ಹುದ್ದೆ ಹೋದ ಮೇಲೆ ಆತನಲ್ಲಿ ಏನು ಉಳಿಯಿತು? ಅದನ್ನು ಆತನು ಯಾರಿಗೆ ಕೊಟ್ಟನು?

೧೯೩೯ರಲ್ಲಿ ಆತನು ತಾಯ್ನಾಡಿಗೆ ಹಿಂದಿರುಗಿದನು. ಸರಕಾರಿ ಸಂಸ್ಥೆಗಳಲ್ಲಿ ಆತನಿಗೆ ಬಾಗಿಲು ಮುಚ್ಚಿತ್ತು. ಆಗ ಹವ್ಯಾಸಿಗಳಿಗಾಗಿ ೧೮೮೪ರಲ್ಲಿ ಸ್ಥಾಪಿತವಾಗಿದ್ದ ಲಿಸ್ಬನ್ನಿನ ಒಂದು ಖಾಸಗಿ ಸಂಗೀತ ಶಾಲೆಯಲ್ಲಿ ಕಲಿಸತೊಡಗಿದನು. ೧೯೪೨ರಲ್ಲಿ 'ಸೊನಾಟ' ಎಂಬ ಸಂಘವನ್ನು ಕಟ್ಟಿ, ದೇಶದಲ್ಲಿ ಯಾರೂ ಕೇಳಿರದ ಹೊಸ ಕಾಲದ ಸಂಗೀತದ ಕಚೇರಿಗಳನ್ನು ಏರ್ಪಡಿಸಿದನು. ಸಂಗೀತವನ್ನು ವೃತ್ತಿಯಾಗಿ ಕಲಿಯದ ಸಾಮಾನ್ಯ ಜನರನ್ನು ಸೇರಿಸಿ ಒಂದು ಗಾಯಕವೃಂದವನ್ನು ಕಟ್ಟಿದನು. ಅವರ ಕಂಠಕ್ಕಾಗಿ ಹಳ್ಳಿಯ ಹಾಡುಗಳನ್ನು ನೂರಾರು ಸಂಖ್ಯೆಯಲ್ಲಿ ಹೊಂದಿಸಿ ಬರೆದನು. ಅಂದರೆ ಹಳ್ಳಿಯವರು ಹಾಡುವ ಮಟ್ಟನ್ನು ಹಾಗೆಯೇ ಇಟ್ಟು, ಅದರ ಜೊತೆಜೊತೆಗೆ ಬೇರೆ ಬೇರೆ ಕಂಠಗಳು ಬೇರೆ ಬೇರೆ ಸ್ವರಗಳಲ್ಲಿ ಸಾಗುವಂತೆ ರಚಿಸಿದನು. ಅವನ್ನು ಕೇಳುವಾಗ ಮೂಲದ ಒರಟುತನ ನಯವಾಗಿ ಸವೆದುಹೋಗಿದೆಯೆಂದು ಎಲ್ಲಿಯೂ ಅನ್ನಿಸುವುದಿಲ್ಲ. ಕೆಲವೆಡೆ ಸ್ವರಗಳು ಒಂದಕ್ಕೊಂದು ತಿಕ್ಕಾಡುತ್ತವೆ. ಆದರೆ ಹಾಡು ಮಾತ್ರ ನೆಟ್ಟಗೆ ನಿಂತಿರುತ್ತದೆ.

೧೯೪೫ರಿಂದ ಈಚೆಗೆ ಆತನು ಇನ್ನೊಂದು ಬಗೆಯ ಹಾಡುಗಳನ್ನೂ ರಚಿಸಿದನು. ಸಮಕಾಲೀನ ಕವಿಗಳ ಕವಿತೆಗಳಿಗೆ, ಜನರು ಗುಂಪಾಗಿ ಹಾಡುವಂತೆ, ಸ್ವರ ಹಾಕಿದ ಈ ಹಾಡುಗಳು 'ವೀರಗೀತೆ'ಗಳೆಂದು ಹೆಸರಾದುವು. ೧೯೪೬ರಲ್ಲಿ ಅವುಗಳ ಪುಸ್ತಕ ಅಚ್ಚಾಗಿ ಬಂದಾಗ ಸರಕಾರವು ಅದನ್ನು ನಿಷೇಧಿಸಿತು. ಜೋಸೆ ಗೋಮೆಸ್ ಫೆರೇರಾ ಎಂಬ ಕವಿಯ ಪದ್ಯಕ್ಕೆ ಸ್ವರ ಹಾಕಿದ 'ಅಕೊರ್ದಾಯ್', ಎಂದರೆ 'ಎಚ್ಚರಗೊಳ್ಳಿ' ಎಂಬ ಗೀತೆ ಇವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು. ಬಹಿರಂಗ ಸಭೆಯಲ್ಲಿ ಹಾಡುವಂತಿರಲಿಲ್ಲವಾದರೂ ಜನರು ಗುಟ್ಟಾಗಿ ಕಲಿತು ಹಾಡಿದರು. ೨೦೧೨ರಲ್ಲಿ ಲಿಸ್ಬನ್ನಿನ ಜನರು ಸರಕಾರದ ಆರ್ಥಿಕ ನೀತಿಯನ್ನು ಪ್ರತಿಭಟಿಸಿದಾಗಲೂ ಇದೇ ಗೀತೆಯನ್ನು ಹಾಡಿದರು.

ಇಲ್ಲಿ ಒಂದು ಮಾತನ್ನು ನಮ್ಮವರು ಗಮನಿಸಬೇಕು. ಪೋರ್ಚುಗಲ್ಲಿನಲ್ಲಿ ೧೯೪೬ರಲ್ಲಿ ಒಂದು ಹಾಡಿನ ಪುಸ್ತಕಕ್ಕೆ ಹೆದರಿದ ಇದೇ ಸರಕಾರವು ಅದೇ ವರ್ಷ ಜೂನ್ ೧೮ರಂದು, ಮಡಗಾಂವಿನಲ್ಲಿ ಜನರನ್ನುದ್ದೇಶಿಸಿ ಮಾತನಾಡಲು ನಿಂತ ರಾಮಮನೋಹರ ಲೋಹಿಯಾರನ್ನು ಬಂಧಿಸಿತು. ಗೋವೆಯ ಹಿರಿಯ ದೇಶಭಕ್ತರಾದ ತ್ರಿಸ್ತಾವ್ ಬ್ರಗಾಂಜ ಕುನ್ಹ ಅವರನ್ನು ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ಮಾಡಿ ಎಂಟು ವರ್ಷಗಳ ಶಿಕ್ಷೆ ವಿಧಿಸಿ, ಸಮುದ್ರದಾಚೆ ಪೋರ್ಚುಗಲ್ಲಿನ ಪೆನಿಷ್ ಕೋಟೆಗೆ ಸಾಗಿಸಿತು. ನಮ್ಮ ನೆರೆಯ ಗೋವೆ ಬಿಡುಗಡೆಯಾದುದು ೧೯೬೧ರ ಡಿಸೆಂಬರಿನಲ್ಲಿ. ಪೋರ್ಚುಗಲ್ಲಿನ ಜನರು ಬಿಡುಗಡೆಯಾದುದು ೧೯೭೪ನೆಯ ಏಪ್ರಿಲ್ ೨೫ರಂದು. ಆಳಿಸಿಕೊಂಡವರಿಗಿಂತ ಆಳಿದ ದೇಶದ ಪ್ರಜೆಗಳೇ ಹನ್ನೆರಡು ವರ್ಷಕ್ಕಿಂತ ಹೆಚ್ಚು ತಡವಾಗಿ ಬಿಡುಗಡೆ ಹೊಂದಿದರೆಂಬುದು ಇತಿಹಾಸದ ಒಂದು ವಿಚಿತ್ರ. ಪೋರ್ಚುಗೀಸರೆಂದೊಡನೆ ಒಂದೇ ಮುಖವನ್ನು ಕಾಣುತ್ತಿದ್ದ ನನಗೆ, ಅದೇ ಬೂಟಿನ ಕೆಳಗಿದ್ದ ಬೇರೆ ಮುಖಗಳೂ ಇದ್ದುವೆಂದು ಕಲಿಸಿದವನು ಈ ಸಂಗೀತಗಾರ.

ಹಾಗಾದರೆ ಸಾಲಾಜಾರನ ಸರಕಾರಕ್ಕೆ ಹಳ್ಳಿಯ ಹಾಡುಗಳ ಮೇಲೆ ದ್ವೇಷವಿತ್ತೆ ಎಂದು ಕೇಳಿದರೆ, ಇರಲಿಲ್ಲವೆಂದೇ ಹೇಳಬೇಕು. ಆ ಸರಕಾರವು ಹಳ್ಳಿಯನ್ನು ಬಹಳ ಹೊಗಳುತ್ತಿತ್ತು. ೧೯೩೮ರಲ್ಲಿ 'ಪೋರ್ಚುಗಲ್ಲಿನ ಅತ್ಯಂತ ಪೋರ್ಚುಗೀಸ ಹಳ್ಳಿ' ಯಾವುದೆಂದು ಒಂದು ಸ್ಪರ್ಧೆಯನ್ನೇ ಏರ್ಪಡಿಸಿತು. ಬಂಡೆಗಳ ನಡುವಿನ ಮೊನ್ಸಾಂತೊ ಎಂಬ ಹಳ್ಳಿ ಗೆದ್ದು ಬೆಳ್ಳಿಯ ಹುಂಜವೊಂದನ್ನು ಬಹುಮಾನವಾಗಿ ಪಡೆಯಿತು. ಇಸ್ತ್ರಿ ಮಾಡಿದ ಬಣ್ಣದ ಉಡುಪಿನ ಹಳ್ಳಿಗರು ಅತಿಥಿಗಳೆದುರಿಗೆ ನಗುನಗುತ್ತ ಕುಣಿಯುವ ತಂಡಗಳಿಗೆ ಪ್ರೋತ್ಸಾಹ ದೊರೆಯಿತು. ಆದರೆ ೧೯೩೦ರ ಸುಮಾರಿಗೆ ಆ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಓದುಬರಹ ಬರುತ್ತಿರಲಿಲ್ಲ. ಹಳ್ಳಿಗನ ಅಂಗಿ ಬೇಕು, ಹಳ್ಳಿಗನ ಹಸಿವು ಬೇಡ. ಅವನ ಕುಣಿತ ಬೇಕು, ಅವನ ಮಾತು ಬೇಡ—ಇದು ಆ ಪ್ರೀತಿಯ ಸ್ವರೂಪ.

ಲೋಪೆಸ್ ಗ್ರಾಸಾ ಇಂಥ ಪ್ರದರ್ಶನದ ಜಾನಪದವನ್ನು ನಕಲಿಯೆಂದು ಖಂಡಿಸಿ ಬರೆದನು. ೧೯೫೩ರಲ್ಲಿ ಜನಪದ ಹಾಡುಗಳನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ಆ ಮುಂದಿನ ವರ್ಷ ಸರಕಾರವು ಆತನ ಖಾಸಗಿ ಪಾಠದ ಅನುಮತಿಪತ್ರವನ್ನೂ ರದ್ದುಮಾಡಿತು. ನಲವತ್ತೇಳನೆಯ ವಯಸ್ಸಿನಲ್ಲಿ ಕಲಿಸುವ ಕೆಲಸವೂ ಕೈತಪ್ಪಿತು. ಆತನು ಬರವಣಿಗೆಗೂ ಅನುವಾದಕ್ಕೂ ತಿರುಗಿದನು. ತನ್ನ ಗುರುವಾಗಿದ್ದ ತೊಮಾಸ್ ಬೊರ್ಬ ಎಂಬ ಪಾದ್ರಿಯ ಜೊತೆ ಕೈಗೊಂಡಿದ್ದ ಸಂಗೀತದ ನಿಘಂಟನ್ನು, ಗುರುವು ತೀರಿಕೊಂಡ ಮೇಲೂ ಬಿಡದೆ, ಎರಡು ಸಂಪುಟಗಳಲ್ಲಿ ಹೊರತಂದನು. ಶಿಷ್ಯನು ಕಮ್ಯೂನಿಸ್ಟ್, ಗುರುವು ಕ್ರೈಸ್ತ ಪಾದ್ರಿ! ವಿದ್ಯೆಯ ಋಣಕ್ಕೆ ಮತಭೇದ ಅಡ್ಡಬರಲಿಲ್ಲ.

೧೯೫೯ರಲ್ಲಿ ಕೋರ್ಸಿಕಾ ದ್ವೀಪದವನಾದ ಮಿಷೆಲ್ ಜ್ಯಾಕೊಮೆಟ್ಟಿ ಎಂಬ ತರುಣನು ಪೋರ್ಚುಗಲ್ಲಿಗೆ ಬಂದನು. ಧ್ವನಿಮುದ್ರಣ ಯಂತ್ರವನ್ನು ಹೊತ್ತು ಹಳ್ಳಿ ಹಳ್ಳಿ ತಿರುಗಿ, ಹೊಲದಲ್ಲಿ ದುಡಿಯುವವರ, ಮಗುವನ್ನು ತೂಗುವವರ, ಸತ್ತವರಿಗಾಗಿ ಅಳುವವರ ಹಾಡುಗಳನ್ನು ಅವರ ಬಾಯಿಂದಲೇ ಮುದ್ರಿಸಿದನು. ಲೋಪೆಸ್ ಗ್ರಾಸಾ ಆತನ ಜೊತೆಗೂಡಿದನು. ೧೯೬೦ರಿಂದ ೧೯೭೦ರ ವರೆಗೆ ಪ್ರಾಂತಕ್ಕೊಂದರಂತೆ ಐದು ಧ್ವನಿಮುದ್ರಿಕೆಗಳು ಹೊರಬಂದುವು. ಅವುಗಳಿಗೆ ಹೊದಿಸಿದ್ದು ಹೊಳೆಯುವ ಬಣ್ಣದ ಕಾಗದವಲ್ಲ, ಗೋಣಿಯ ಬಟ್ಟೆ. ಇಂದಿಗೂ ಆ ನಾಡಿನಲ್ಲಿ ಅವನ್ನು 'ಗೋಣಿತಟ್ಟಿನ ಮುದ್ರಿಕೆಗಳು' ಎಂದೇ ಕರೆಯುವರು.

ಈ ಗೋಣಿತಟ್ಟಿನ ವಿಷಯವನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಾರಣವನ್ನು ಸಂಕೋಚದಿಂದಲೇ ಹೇಳುತ್ತೇನೆ. ನಾನು ಪಿ.ಯು.ಸಿ. ಓದುತ್ತಿದ್ದಾಗ ಪೇಟೆಯ ಇಬ್ಬರು ಗೆಳತಿಯರು ನಮ್ಮ ಮನೆಗೆ ಬಂದಿದ್ದರು. ಹಿತ್ತಿಲಲ್ಲಿ ಅವ್ವ ಜೋಳ ಹಸನು ಮಾಡುತ್ತ ತನ್ನಷ್ಟಕ್ಕೆ ತಾನು ಪದ ಹಾಡುತ್ತಿದ್ದಳು. ಗೆಳತಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾನು ಎದ್ದು ಹೋಗಿ, "ಅವ್ವಾ, ಒಂಚೂರು ಸುಮ್ನಿರ, ಗೆಳತ್ಯಾರ ಬಂದಾರ" ಎಂದೆ. ಅವ್ವ ಸುಮ್ಮನಾದಳು. ಸಿಟ್ಟಾಗಲಿಲ್ಲ, ಏಕೆಂದೂ ಕೇಳಲಿಲ್ಲ. ಓದಿದ ಮಗಳು ಹೇಳಿದ ಮೇಲೆ ಅದು ಸರಿಯೇ ಇರಬೇಕೆಂದು ನಂಬಿದಳು. ಹೊಲದ ಹೆಂಗಸಿನ ಹಾಡನ್ನು ನಿಲ್ಲಿಸುವುದಕ್ಕೆ ಸಾಲಾಜಾರನಿಗೆ ಪೊಲೀಸರು ಬೇಕಾಗಿರಬಹುದು. ನನಗೆ ಹನ್ನೊಂದನೆಯ ತರಗತಿಯ ವಿದ್ಯೆಯೇ ಸಾಕಾಯಿತು.

ಈಗ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಹುದು. ನಾವು ವಿದ್ಯೆಯನ್ನು ಒಂದು ಏಣಿಯೆಂದು ತಿಳಿದಿದ್ದೇವೆ. ಏಣಿ ಹತ್ತಿದವನು ಕೆಳಗೆ ನಿಂತವರಿಗಿಂತ ಎತ್ತರದಲ್ಲಿರುತ್ತಾನೆ; ಅವನ ಬೆನ್ನು ಮಾತ್ರ ಅವರಿಗೆ ಕಾಣುತ್ತದೆ. ಲೋಪೆಸ್ ಗ್ರಾಸಾ ಕಡಿಮೆ ಹತ್ತಿದವನೇನೂ ಅಲ್ಲ. ಲಿಸ್ಟನ ಶಿಷ್ಯನಿಂದ ಪಾಠ, ಪ್ಯಾರಿಸ್ಸಿನ ಶಿಕ್ಷಣ, ಪಿಯಾನೋ ಕೃತಿಗಳು, ವಾದ್ಯವೃಂದದ ಕೃತಿಗಳು—ಎಲ್ಲವೂ ಆತನಲ್ಲಿದ್ದುವು. ಹಂಗೇರಿಯ ಹಳ್ಳಿಗಳ ಹಾಡನ್ನು ಸಂಗ್ರಹಿಸಿದ ಬಾರ್ತೋಕನ ನೆನಪಿಗೆ ಪಿಯಾನೋ ಕೃತಿಗಳ ಮಾಲೆಯನ್ನೇ ರಚಿಸಿದನು. ರಷ್ಯಾದ ಮಹಾವಾದಕ ರೊಸ್ತ್ರೊಪೊವಿಚ್ ಆತನ ಚೆಲ್ಲೊ ಕೃತಿಯೊಂದನ್ನು ೧೯೬೭ರಲ್ಲಿ ಮಾಸ್ಕೊದಲ್ಲಿ ಮೊದಲ ಬಾರಿಗೆ ನುಡಿಸಿದನು. ಇಷ್ಟು ಎತ್ತರದ ವಿದ್ಯೆಯುಳ್ಳವನು ಓದು ಬಾರದ ಹೆಂಗಸಿನ ಹಾಡಿನ ಮುಂದೆ ಕಿವಿಗೊಟ್ಟು ಕುಳಿತನು. ಅದನ್ನು ತಿದ್ದಲು ಹೋಗಲಿಲ್ಲ, ಅದಕ್ಕೆ ಬಣ್ಣ ಬಳಿಯಲೂ ಇಲ್ಲ. ಹಾಡಿನ ಬೆಲೆ ಕಾಣುವಂತಾದುದು ಆತನ ವಿದ್ಯೆಯಿಂದಲೇ. ವಿದ್ಯೆ ಸಾಲದುದರಿಂದಲೇ ನನಗೆ ನಾಚಿಕೆಯಾಯಿತು, ಹೆಚ್ಚಾದುದರಿಂದಲ್ಲ.

ಆತನನ್ನು ದೇವರಾಗಿಸುವ ಇಚ್ಛೆ ನನಗಿಲ್ಲ. ಆತನು ಕಮ್ಯೂನಿಸ್ಟ್ ಪಕ್ಷದ ಸದಸ್ಯನಾಗಿದ್ದನು. ಆ ಪಕ್ಷವು ಆಳುತ್ತಿದ್ದ ಸೋವಿಯತ್ ದೇಶದಲ್ಲಿಯೂ ೧೯೪೮ರಲ್ಲಿ ಶೊಸ್ತಕೊವಿಚ್, ಪ್ರೊಕೊಫಿಯೆವ್ ಮುಂತಾದ ರಚನಕಾರರನ್ನು ಬಹಿರಂಗವಾಗಿ ಖಂಡಿಸಿ ಬಾಯಿ ಮುಚ್ಚಿಸಿದರು. ಲೋಪೆಸ್ ಗ್ರಾಸಾನ ಕೃತಿಯನ್ನು ನುಡಿಸಿದ ರೊಸ್ತ್ರೊಪೊವಿಚ್ ಕೂಡ ೧೯೭೪ರಲ್ಲಿ, ಲಿಸ್ಬನ್ನಿಗೆ ಸ್ವಾತಂತ್ರ್ಯ ಬಂದ ವರ್ಷವೇ, ಮಾಸ್ಕೊ ಬಿಟ್ಟು ಹೋಗಬೇಕಾಯಿತು. ಹಾಡಿಗೆ ಹೆದರುವ ಸರಕಾರ ಯಾವ ಬಣ್ಣದ್ದಾದರೂ ಇರಬಹುದು. ಆದರೆ ಇದರಿಂದ ಲೋಪೆಸ್ ಗ್ರಾಸಾ ತನ್ನ ನಾಡಿನಲ್ಲಿ ತೋರಿದ ಧೈರ್ಯದ ಬೆಲೆ ಕಡಿಮೆಯಾಗುವುದಿಲ್ಲ.

೧೯೭೪ರಲ್ಲಿ ಸರ್ವಾಧಿಕಾರ ಉರುಳಿದಾಗ ಆತನಿಗೆ ಅರವತ್ತೇಳು ವರ್ಷ. ಸಂಗೀತ ಶಿಕ್ಷಣದ ಸುಧಾರಣೆಗಾಗಿ ನೇಮಿಸಿದ ಸಮಿತಿಗೆ ಆತನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ನಲವತ್ತಮೂರು ವರ್ಷಗಳ ಹಿಂದೆ ಕಲಿಸಬಾರದೆಂದು ಹೊರಗಟ್ಟಿದವನನ್ನೇ ಹೇಗೆ ಕಲಿಸಬೇಕೆಂದು ಕೇಳಿದರು! ೧೯೭೯ರಲ್ಲಿ ಆತನು ಸರ್ವಾಧಿಕಾರಕ್ಕೆ ಬಲಿಯಾದವರ ಸ್ಮರಣೆಗಾಗಿ ಒಂದು ದೊಡ್ಡ ಮೃತ್ಯುಗೀತವನ್ನು ರಚಿಸಿದನು. ಸಮುದ್ರದ ದಂಡೆಯ ಪರೇದಿ ಎಂಬಲ್ಲಿ ೧೯೯೪ರ ನವೆಂಬರ್ ೨೭ರಂದು ಆತನ ಬಾಳು ಮುಗಿಯಿತು.

ಕೆಲವು ಮಿತ್ರರು ಹೇಳಬಹುದು: "ಇದೆಲ್ಲ ಪ್ರತಿಭಾವಂತರ ಮಾತು. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುವ ನಮಗೆ ಇದರಿಂದ ಏನು?" ನಾನೂ ಆ ಪರೀಕ್ಷೆಗೆ ಓದುವವಳೇ. ಪಾಸಾದರೆ ಸಂತೋಷದಿಂದ ಕೆಲಸಕ್ಕೆ ಹೋಗುವವಳೇ. ಅಪ್ಪನ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನನ್ನ ಮೇಲಿದೆ. ಆದರೆ ನಾಳೆ ಕಚೇರಿಯ ಮೇಜಿನ ಆಚೆ ಬದಿಯಲ್ಲಿ ಅರ್ಜಿ ಹಿಡಿದು ನಿಲ್ಲುವವಳು ಅವ್ವನಂಥ ಹೆಂಗಸೇ ಆಗಿರುತ್ತಾಳೆ. ಆಗ ನಾನು ಆಕೆಗೆ "ಸುಮ್ನಿರ" ಎನ್ನುವೆನೋ, ಆಕೆಯ ಮಾತನ್ನು ಕೇಳುವೆನೋ ಎಂಬುದರಲ್ಲಿಯೇ ಈ ಕಾಲೇಜಿನಲ್ಲಿ ನಾನು ಕಲಿತುದರ ಪರೀಕ್ಷೆಯಿದೆ. ಹುದ್ದೆಯು ಒಬ್ಬರು ಕೊಟ್ಟು ಇನ್ನೊಬ್ಬರು ಕಸಿದುಕೊಳ್ಳುವಂಥದು. ಕಸಿಯಲು ಬಾರದ ವಿದ್ಯೆ ಯಾರ ಕಡೆಗೆ ಮುಖ ಮಾಡಿದೆ ಎಂಬುದನ್ನು ಮಾತ್ರ ನಾವೇ ನಿಶ್ಚಯಿಸಬೇಕು.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ನೋಟುಬುಕ್ಕು ತೆಗೆದುಕೊಂಡು ಅವ್ವನ ಮುಂದೆ ಕುಳಿತೆ. ಹಾಡೆಂದರೆ ಆಕೆ ಮೊದಲು ಒಪ್ಪಲಿಲ್ಲ. ಬಹಳ ಹೊತ್ತು ಕಾಡಿದ ಮೇಲೆ ಒಂದು ಪದ ಹೇಳಿದಳು, ನಾನು ಬರೆದುಕೊಳ್ಳುವುದನ್ನು ನೋಡಿ ನಡುವೆ ನಿಲ್ಲಿಸಿ, "ಇದನ್ಯಾಕ ಬರಕೋತಿ, ಇದು ನಿನ್ನ ಪರೀಕ್ಷಾದಾಗ ಬರತೈತೇನು?" ಎಂದು ಕೇಳಿದಳು.

"ಬರೂದಿಲ್ಲವ್ವಾ, ನೀ ಮುಂದ ಹಾಡು" ಎಂದೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ